ಚಂದ್ರಿಯೂ ನಾಲ್ಕು ಕೆಂಪು ಗೆರೆಗಳೂ

ಅನುಮಾನ ಕೆಟ್ಟದ್ದು ಎಂದು ಉಪದೇಶ ಮಾಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಒಬ್ಬರಿಗೂ ಮಹದೇವಪುರದ ಕಡೆ ಮೂವತ್ತು-ನಲವತ್ತರ ಸೈಟಿಲ್ಲ. ಇದ್ದಿದ್ದರೆ ಗೊತ್ತಾಗುತ್ತಿತ್ತು. ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದವನು, ಮನೆಯ ಮುಂದಿನ ರಸ್ತೆ ನಿನ್ನೆ ಇದ್ದ ಜಾಗದಲ್ಲೇ ಇದೆಯೇ ಎಂದು ನೋಡಿಕೊಂಡು ಆಮೇಲೆ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳಬೇಕು. ನಾನು ಚನ್ನವೀರಪ್ಪ. ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದೆ. ಒಂದು ಬೋಲ್ಟು ಕೇಳಲು ಬಂದವನಿಗೂ ‘ಯಾಕೆ?’ ಎಂದು ಮೂರು ಸಲ ಕೇಳದೆ ಕೊಟ್ಟವನಲ್ಲ. ನಿವೃತ್ತನಾದ ಮೇಲೆ ನಮ್ಮ ಬಡಾವಣೆಯವರು ಈ ಗುಣವನ್ನು ಗುರುತಿಸಿ ನನ್ನನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಮಾಡಿದರು. ಕಾರ್ಯದರ್ಶಿಯಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ ನಮ್ಮ ಮನೆಯ ಗೇಟಿನ ಪಕ್ಕದಲ್ಲಿ ‘ಇಲ್ಲಿ ಹಾರ್ನ್ ಮಾಡಬಾರದು’ ಎಂಬ ಬೋರ್ಡು ನೆಡಿಸಿದ್ದು.

ಪಟ್ಟಾಭಿರಾಮನ ಮನೆ ನಮ್ಮದರಿಂದ ಐದನೆಯದು. ಅವನೂ ಅದೇ ಕಾರ್ಖಾನೆಯವನು, ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ. ಅವನ ಬಳಿ ಸದಾ ಎರಡು ಡಬ್ಬಿ ಬಣ್ಣ ಇರುತ್ತಿತ್ತು. ಪರೀಕ್ಷೆಯಲ್ಲಿ ಪಾಸಾದ ಯಂತ್ರಕ್ಕೆ ಹಸಿರು ಗೆರೆ. ಪರೀಕ್ಷೆ ಅರ್ಧಕ್ಕೆ ನಿಂತಿದ್ದರೆ ನಿಂತ ಜಾಗದಲ್ಲಿ ಕೆಂಪು ಗೆರೆ, ಪಕ್ಕದಲ್ಲಿ ತಾರೀಖು, ಅಳತೆ, ಒಂದು ಪುಟ್ಟ ಸಹಿ. ನಿವೃತ್ತಿಯ ದಿನ ಎಲ್ಲರೂ ಹಾರ, ಗಡಿಯಾರ ಹಿಡಿದುಕೊಂಡು ಮನೆಗೆ ಬಂದರೆ ಇವನು ಆ ಎರಡು ಡಬ್ಬಿ ಹಿಡಿದುಕೊಂಡು ಬಂದ. ಅವನ ಹೆಂಡತಿ ವೆಂಕಟಲಕ್ಷ್ಮಿಯ ಪ್ರೆಶರ್ ಕುಕ್ಕರಿನ ಮೇಲೆ ಇವತ್ತಿಗೂ ಒಂದು ಕೆಂಪು ಗೆರೆ ಇದೆ. ಆಕೆ ಅದರಲ್ಲೇ ಅನ್ನ ಮಾಡುತ್ತಾಳೆ, ಆದರೆ ಗಂಡನಿಗೆ ಗೊತ್ತಾಗದ ಹಾಗೆ.

ಈಗ ಕುದುರೆಯ ವಿಷಯ. ನಮ್ಮ ಬಡಾವಣೆ ಎದ್ದಿರುವುದೇ ಹಳೆಯ ಊರಿನ ಹೊಲಗಳ ಮೇಲೆ. ಆ ಊರಿನ ವೆಂಕಟಪ್ಪನ ತಾತ ಜಟಕಾ ಓಡಿಸುತ್ತಿದ್ದ, ಅಪ್ಪ ಜಟಕಾ ಓಡಿಸುತ್ತಿದ್ದ, ವೆಂಕಟಪ್ಪ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದ. ಎರಡು ವರ್ಷದ ಹಿಂದೆ ಅವನ ಮುದಿ ಕುದುರೆ ಸತ್ತಿತು. ಉಳಿದದ್ದು ಅದರ ಮರಿ ಚಂದ್ರಿ, ನಾಲ್ಕು ವರ್ಷದ ಕಂದು ಹೆಣ್ಣು, ಹಣೆಯ ಮೇಲೆ ಬಿಳಿ ಮಚ್ಚೆ. ನೋಡಲು ಲಕ್ಷಣ, ಆದರೆ ರಸ್ತೆ ಕಂಡರೆ ಆಗದು. ಮೊದಲ ಮೆರವಣಿಗೆಯಲ್ಲೇ ಹಿಂದಿನಿಂದ ಒಂದು ಬಸ್ಸು ‘ಉಸ್’ ಎಂದು ಬ್ರೇಕು ಬಿಟ್ಟಿತು. ಚಂದ್ರಿ ಮದುಮಗನನ್ನು ಹೊತ್ತುಕೊಂಡು ರಿಂಗ್ ರೋಡಿನ ಸೋಫಾ ಅಂಗಡಿಯೊಳಗೆ ನುಗ್ಗಿಬಿಟ್ಟಳು. ಮದುಮಗ ಬಿದ್ದದ್ದು ಸೋಫಾ ಮೇಲಾದ್ದರಿಂದ ಮುಹೂರ್ತ ತಪ್ಪಲಿಲ್ಲ. ಅಲ್ಲಿಂದಾಚೆಗೆ ಯಾರೂ ಚಂದ್ರಿಯನ್ನು ಕರೆಯಲಿಲ್ಲ.

ವೆಂಕಟಪ್ಪನ ಮಗ ನರೇಶ್ ಗಡುವು ಹಾಕಿದ. ನವೆಂಬರ್ ಒಂದರ ರಾಜ್ಯೋತ್ಸವದ ಮೆರವಣಿಗೆಯಲ್ಲಿ ಚಂದ್ರಿ ಊರಿಂದ ರಿಂಗ್ ರೋಡಿನ ಧ್ವಜಸ್ತಂಭದವರೆಗೆ ಮನುಷ್ಯನನ್ನು ಹೊತ್ತು ನೆಟ್ಟಗೆ ನಡೆದರೆ ಇರಲಿ, ಇಲ್ಲವೆಂದರೆ ಅವತ್ತೇ ನಂದಿಬೆಟ್ಟದ ಕಡೆಯ ರೆಸಾರ್ಟಿನವರು ವ್ಯಾನು ತರುತ್ತಾರೆ, ಹತ್ತಿಸಿ ಕಳಿಸುವುದು. ವೆಂಕಟಪ್ಪ ಇದನ್ನು ಟೀ ಅಂಗಡಿಯಲ್ಲಿ ಕುಳಿತು ಪಟ್ಟಾಭಿರಾಮನಿಗೆ ಹೇಳಿಕೊಂಡ.

“ಅವ್ರವ್ವ ಓದ್ಲು ಸಾರ್. ಇವ್ಳೂ ಓದ್ರೆ ಬೆಳಗ್ಗೆ ಎದ್ದು ನಾನು ಯಾರ್ ಮಕ ನೋಡ್ಲಿ? ನಮ್ ನರೇಶನ್ ಮಕವಾ?”

ಪಟ್ಟಾಭಿರಾಮ ಗ್ಲಾಸು ಕೆಳಗಿಟ್ಟು ಹೇಳಿದನಂತೆ: “ವೆಂಕಟಪ್ಪನೋರೇ, ನಾನು ನಲವತ್ತು ಟನ್ ಪ್ರೆಸ್ ನಡುಗೋದನ್ನ ನಿಲ್ಲಿಸಿದೋನು. ಕುದುರೆ ಏನ್ ಮಹಾ? ಒಂದು ತಿಂಗಳು ಟೈಮ್ ಕೊಡಿ.”

ಅವನು ಜೀವಮಾನದಲ್ಲಿ ಕುದುರೆ ಮುಟ್ಟಿದವನಲ್ಲ. ಬೀದಿನಾಯಿ ಎದುರಿಗೆ ಬಂದರೆ ರಸ್ತೆ ದಾಟುವ ಪ್ರಾಣಿ. ಆದರೆ ಬಾಯಿಂದ ಮಾತು ಬಿದ್ದುಹೋಗಿತ್ತು, ವೆಂಕಟಪ್ಪ ಕೈ ಹಿಡಿದುಕೊಂಡುಬಿಟ್ಟಿದ್ದ. ನಾನು ಊರಲ್ಲಿದ್ದಿದ್ದರೆ ತಡೆಯುತ್ತಿದ್ದೆ. ಆಗ ನಾನು ದಾವಣಗೆರೆಯಲ್ಲಿ ತಮ್ಮನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿ, ಅವನ ಕಂಟ್ರಾಕ್ಟರನ ಮೇಲೆ ಅನುಮಾನ ಬಂದು ಹದಿನೆಂಟು ದಿನ ಅಲ್ಲೇ ನಿಂತಿದ್ದೆ. ನನ್ನ ಹೆಂಡತಿ ಮಹಾಂತಮ್ಮ ಮಂಡಿನೋವೆಂದು ಇಲ್ಲೇ ಉಳಿದಿದ್ದಳು.

ಪಟ್ಟಾಭಿರಾಮನ ವಿಧಾನ ಹೀಗಿತ್ತು. ಒಂದು ಸಂಜೆ ಮಾರತ್ತಹಳ್ಳಿ ಜಂಕ್ಷನ್ನಿಗೆ ಹೋಗಿ ಅಲ್ಲಿನ ಗದ್ದಲವನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡು ಬಂದ. ಒಂದು ವಾರ ಅದನ್ನು ಕೊಟ್ಟಿಗೆಯಲ್ಲಿ ಕೂತು ಕೇಳಿಸಿದ. ಒಂದು ಹಾರ್ನಿಗೆ ಒಂದು ಚೂರು ಬೆಲ್ಲ. ಮೊದಲ ದಿನ ಚಂದ್ರಿ ಗೋಡೆಗೆ ಅಂಟಿಕೊಂಡು ನಡುಗಿದಳು. ಐದನೆಯ ದಿನ ಹಾರ್ನು ನಿಂತರೆ ಮೊಬೈಲನ್ನೇ ಮೂಸಿ ನೋಡಿದಳು. ಎರಡನೆಯ ವಾರದಿಂದ ರಸ್ತೆ. ಇವನು ಸ್ಕೂಟರಿನಲ್ಲಿ ಮುಂದೆ, ವೆಂಕಟಪ್ಪ ಹಗ್ಗ ಹಿಡಿದು ಹಿಂದೆ. ಹಾರ್ನು, ಬೆಲ್ಲ, ಹತ್ತು ಹೆಜ್ಜೆ. ಚಂದ್ರಿ ಎಲ್ಲಿ ನಿಂತುಬಿಟ್ಟಳೋ ಅಲ್ಲಿಗೆ ಅವತ್ತಿನ ಪರೀಕ್ಷೆ ಮುಗಿಯಿತು. ಬಲವಂತ ಕೂಡದು. ಹತ್ತಿರದ ಕಾಂಪೌಂಡಿನ ಮೇಲೆ ಕೆಂಪು ಗೆರೆ, ತಾರೀಖು, ಊರಿಂದ ಎಷ್ಟು ಅಡಿ ಎಂಬ ಅಳತೆ, ಸಹಿ. ಎಲ್ಲರೂ ಮನೆಗೆ.

ನಮ್ಮ ಮನೆ ಎರಡನೇ ಮುಖ್ಯರಸ್ತೆಯ ಬಾಯಲ್ಲಿದೆ. ಎದುರಿಗೆ ಅಪಾರ್ಟ್‌ಮೆಂಟು. ಅದರ ನೆಲಮಾಳಿಗೆಯಿಂದ ಕಾರು ಹೊರಗೆ ಬಂದಾಗಲೆಲ್ಲ ಗೇಟಿನ ಮೇಲಿನ ಕೆಂಪು ದೀಪ ತಿರುಗಿ ‘ಕೀಂ ಕೀಂ’ ಎಂದು ಸೈರನ್ನು ಕೂಗುತ್ತದೆ. ಅಲ್ಲಿ ಚಂದ್ರಿ ನಾಲ್ಕು ದಿನ ಸಿಕ್ಕಿಹಾಕಿಕೊಂಡಳು. ಹೀಗೆ ನಮ್ಮ ಗೋಡೆಯ ಮೇಲೆ ನಾಲ್ಕು ಕೆಂಪು ಗೆರೆಗಳಾದವು. ಗೇಟಿನ ಹೊರಗೆ ಮೋರಿಯ ಚಪ್ಪಡಿ ಮೇಲೆ ನಾವು ಹಾಕಿಸಿದ ಕಲ್ಲುಬೆಂಚಿದೆ, ಮಹಾಂತಮ್ಮ ಮಂಡಿ ಚಾಚಿಕೊಂಡು ಕೂರುವುದು ಅಲ್ಲೇ. ಪಟ್ಟಾಭಿರಾಮ ಮರ್ಯಾದೆಯಿಂದ ಅವಳನ್ನು ಕೇಳಿಯೇ ಗೆರೆ ಎಳೆದಿದ್ದ. “ಎಳ್ಕೊಳ್ಳಿ, ಗೆರೆ ಏನ್ ಅನ್ನ ಕೇಳುತ್ತಾ?” ಎಂದು ಇವಳೂ ಹೇಳಿ, ತನ್ನ ಪಾಲಿನ ಒಂದಚ್ಚು ಬೆಲ್ಲವನ್ನೂ ಕುದುರೆಗೆ ತಿನ್ನಿಸಿದ್ದಳು.

ಇಷ್ಟೂ ಸತ್ಯ. ನಾನು ಆಟೋದಿಂದ ಇಳಿದ ಐದು ನಿಮಿಷದಲ್ಲಿ ಮಹಾಂತಮ್ಮ ಇಷ್ಟನ್ನೂ ನನಗೆ ಹೇಳಿದಳು. ನಾನು ನಂಬಲಿಲ್ಲ.

ನೀವಾದರೂ ಹೇಗೆ ನಂಬುತ್ತೀರಿ? ಕಾಂಪೌಂಡಿನ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಅಡಿ. ಬೆಂಗಳೂರಿನಲ್ಲಿ ಇದರ ಅರ್ಥ ಹಾಲುಗೂಸಿಗೂ ಗೊತ್ತು. ರಸ್ತೆ ಅಗಲೀಕರಣ. ಒಂದು ಗೆರೆ ಬಂದ ಮನೆಯವರೇ ಹೈಕೋರ್ಟಿಗೆ ಓಡುತ್ತಾರೆ, ನಮಗೆ ನಾಲ್ಕು.

“ಕುದುರೆಗೆ ಯಾರಾದ್ರೂ ಗೆರೆ ಎಳೀತಾರೇನೆ?” ಎಂದು ಮೆಲ್ಲಗೆ ನಕ್ಕೆ.

“ಪಟ್ಟಾಭಿ ಕುಕ್ಕರ್‌ಗೇ ಎಳೆದಿದಾರೆ.”

“ಕುದುರೆ ನೆಪ ಕಣೆ. ಸರ್ವೆಯೋರು ಟೇಪ್ ಹಿಡ್ಕೊಂಡು ಬಂದ್ರೆ ಜನ ಜಗಳಕ್ಕೆ ಬರ್ತಾರೆ. ಕುದುರೆ ಹಿಡ್ಕೊಂಡು ಬಂದ್ರೆ ಬೆಲ್ಲ ಕೊಡ್ತಾರೆ. ನೀನೂ ಕೊಟ್ಟಿದೀಯ.”

“ಕುದುರೆ ಕುದುರೇನೇ ಕಣ್ರೀ,” ಎಂದು ಮಹಾಂತಮ್ಮ ಒಳಗೆ ಹೋಗಿ ಅಕ್ಕಿ ಆರಿಸಲು ಕುಳಿತಳು. ನಲವತ್ತು ವರ್ಷ ಸಂಸಾರ ಮಾಡಿದರೂ ಆಕೆಗೆ ಲೋಕಜ್ಞಾನ ಬಂದಿಲ್ಲವಲ್ಲ ಎಂದು ನನಗೆ ಮರುಕವಾಯಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಸವಾರಿ ಬಂತು. ಮುಂದೆ ಪಟ್ಟಾಭಿರಾಮ, ತಲೆಗೆ ಹೆಲ್ಮೆಟ್ಟು, ಕೊರಳಲ್ಲಿ ಅಳತೆಯ ಟೇಪು, ಸ್ಕೂಟರಿನ ಹ್ಯಾಂಡಲ್ಲಿಗೆ ಕೆಂಪು ಬಣ್ಣದ ಡಬ್ಬಿ. ಹಿಂದೆ ಚಂದ್ರಿ. ನನ್ನ ಬೋರ್ಡಿನ ಕೆಳಗೇ ನಿಂತು ಅವನು ಆರು ಸಲ ಹಾರ್ನು ಹೊಡೆದ. ನಾನು ಕೋಪ ನುಂಗಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಗೇಟಿಗೆ ಒರಗಿದೆ.

“ಏನ್ ಪಟ್ಟಾಭಿ, ಕೆಲಸ ಜೋರು?”

“ಹೂಂ ಕಣಯ್ಯ. ಒಂದನೇ ತಾರೀಕು ಮುಗಿಸ್ಲೇಬೇಕು.”

“ಎಲ್ಲೀವರೆಗೂ ಹೋಗುತ್ತೆ ಇದು?”

“ಸೀದಾ ರಿಂಗ್ ರೋಡ್‌ಗೆ ಸೇರಿಸ್ಬಿಡ್ತೀವಿ.”

“ಯಾರ ಆರ್ಡರು?”

“ಆರ್ಡರ್ ಏನಿಲ್ಲ. ನಾನೇ ಮುಂದೆ ಬಿದ್ದು ಒಪ್ಕೊಂಡೆ. ಪಾಪ, ವೆಂಕಟಪ್ಪನ ಕುದುರೆ ಕಣೋ, ರಸ್ತೆಗೆ ಹೆದರುತ್ತೆ. ಅಭ್ಯಾಸ ಮಾಡಿಸ್ತಿದೀನಿ.”

ಇದನ್ನು ಅವನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಎಂಥ ತರಬೇತಿ ಕೊಟ್ಟಿದ್ದಾರಪ್ಪ ಇವನಿಗೆ ಎಂದುಕೊಂಡೆ. “ನಮ್ಮ ಬೆಂಚಿಗೇನಾದ್ರೂ ತೊಂದ್ರೆ ಇದೆಯಾ?” ಎಂದು ಮೆತ್ತಗೆ ಕೇಳಿದೆ.

ಅವನು ಬೆಂಚನ್ನು ನೋಡಿದ, ಕುದುರೆಯನ್ನು ನೋಡಿದ. “ಬೆಂಚು ಸ್ವಲ್ಪ ಅಡ್ಡಾನೇ. ನೋಡಣ, ಅವಳು ಒಗ್ಗಿಕೊಂಡ್ರೆ ಏನೂ ತೊಂದ್ರೆ ಇಲ್ಲ.”

‘ಅವಳು’ ಯಾರು? ಪಾಲಿಕೆಯ ಹೊಸ ಕಮಿಷನರ್ ಹೆಂಗಸೇ ಇರಬೇಕು ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಅವತ್ತೇ ಸಂಜೆ ಸಂಘದ ತುರ್ತು ಸಭೆ. ಪಟ್ಟಾಭಿರಾಮನನ್ನು ಕರೆಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಮ್ಮ ಬಡಾವಣೆಯಲ್ಲಿ ಬೂದಿ ಮೆತ್ತದ ಹೆಗಲೇ ಇಲ್ಲ. ಒಬ್ಬರ ಮೆಟ್ಟಿಲು ರಸ್ತೆಗೆ ಇಳಿದಿದೆ, ಒಬ್ಬರ ತೋಟ ರಸ್ತೆಯಲ್ಲೇ ಬೆಳೆದಿದೆ, ಒಬ್ಬರ ಕಾರಿನ ಶೆಡ್ಡಿಗೆ ಮೂರು ಕಡೆ ಗೋಡೆ ಎಬ್ಬಿಸಿ ಜೆರಾಕ್ಸ್ ಅಂಗಡಿಗೆ ಬಾಡಿಗೆ ಕೊಟ್ಟಾಗಿದೆ. ನಾನು ಗೆರೆಗಳ ಫೋಟೋ ತೋರಿಸಿದಾಗ ಒಬ್ಬೊಬ್ಬರೂ ಮೊಬೈಲು ಕಸಿದುಕೊಂಡು ದೊಡ್ಡದು ಮಾಡಿ ನೋಡಿದರು. ಕೊನೆಗೆ ಆ ಶೆಡ್ಡಿನ ಮಾಲೀಕ ಕೃಷ್ಣ ಒಂದು ಮಾತು ಹೇಳಿದ. “ಗುರು, ಈ ಕಾಲದಲ್ಲಿ ಕುದುರೆ ಯಾರಿಗೆ ಬೇಕು? ನಿಜವಾಗ್ಲೂ ಕುದುರೆ ಕೆಲಸ ಆಗಿದ್ರೆ ಕುದುರೆ ಬೇಕಾಗಿತ್ತಾ ಇವರಿಗೆ?” ಈ ಮಾತಿಗೆ ಅರ್ಥವಿರಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು, ನಾನು ಅದನ್ನು ನಡಾವಳಿಯಲ್ಲಿ ಬರೆದುಕೊಂಡೆ.

ವಾರ್ಡಿನ ಎಂಜಿನಿಯರ್ ಕೊಟ್ರಪ್ಪನನ್ನು ಕಾಫಿಗೆಂದು ಕರೆಸಿದೆ. ಕೊಟ್ರಪ್ಪ ಒಳ್ಳೆಯ ಮನುಷ್ಯ, ಆದರೆ ಯಾವುದಕ್ಕೂ ಹೌದು ಅಲ್ಲ ಎನ್ನುವುದಿಲ್ಲ. ನಮ್ಮ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಗೆರೆಯನ್ನು ಉಗುರಿಂದ ಕೆರೆದು ನೋಡಿದ.

“ಇದು ನಮ್ಮ ಪೇಂಟ್ ಅಲ್ಲ ಸಾರ್. ನಮ್ಮದು ಇಷ್ಟು ಚೆನ್ನಾಗಿರಲ್ಲ.”

“ಹಾಗಾದ್ರೆ ಭಯ ಇಲ್ಲ ಅನ್ನಿ.”

“ಹಾಗೆ ಹೇಗೆ ಹೇಳಲಿ? ನಮ್ಮದಲ್ಲ ಅಂದೆ. ನೀರಿನೋರದ್ದಲ್ಲ, ಮೆಟ್ರೋದೋರದ್ದಲ್ಲ, ಕರೆಂಟಿನೋರದ್ದಲ್ಲ ಅಂತ ನಾನು ಬರೆದುಕೊಡಕ್ಕಾಗಲ್ಲ. ಅವರು ನಮಗೆ ಹೇಳಿ ಅಗೆದಿದ್ದು ಯಾವತ್ತು?” ಆಮೇಲೆ ಪುಟ್ಟ ಸಹಿಯನ್ನು ನೋಡಿ ದನಿ ತಗ್ಗಿಸಿದ. “ಸಹಿ ಬೇರೆ ಇದೆ. ಕೆಳಗಿನೋರು ಸಹಿ ಹಾಕಲ್ಲ ಸಾರ್, ಸಿಕ್ಕಿಹಾಕ್ಕೋತೀವಿ ಅಂತ. ಇದು ಮೇಲಿನೋರ ಕೆಲಸ. ಅಳಿಸ್ಬೇಡಿ. ಅಳಿಸಿದ್ರೆ ಕೇಸು.”

ಅಷ್ಟರಲ್ಲಿ ಪಟ್ಟಾಭಿರಾಮನೇ ಆ ಕಡೆ ಬಂದ. ಗೆರೆ ಎಳೆದವನು ಇವನೇ ಎಂದು ನಾನು ಪಿಸುಗುಟ್ಟಿದೆ. ಕೊಟ್ರಪ್ಪ ಎದ್ದು ನಿಂತು ಶರ್ಟು ಸರಿಮಾಡಿಕೊಂಡ. “ಸಾರ್, ನಮ್ಮಿಂದ ಏನಾದ್ರೂ ಸಹಕಾರ ಬೇಕಿದ್ರೆ ಹೇಳಿ.” ಪಟ್ಟಾಭಿರಾಮ ಸ್ವಲ್ಪ ಯೋಚಿಸಿ, “ಒಂದನೇ ತಾರೀಕು ರಸ್ತೇಲಿ ಏನೂ ಅಡಚಣೆ ಇರ್ಬಾರ್ದು, ಅಷ್ಟೇ ಸಾಕು,” ಎಂದ. ಕೊಟ್ರಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇನ್ನೇನು ಪುರಾವೆ ಬೇಕು?

ಮುಂದಿನ ಎಂಟು ದಿನ ನಮ್ಮ ರಸ್ತೆಯಲ್ಲಿ ನಡೆದದ್ದನ್ನು ನ್ಯಾಯಾಲಯಗಳು ಇಪ್ಪತ್ತು ವರ್ಷದಲ್ಲಿ ಮಾಡಿಸಲಾರವು. ಜನ ತಾವಾಗಿ ಒತ್ತುವರಿ ತೆರವು ಮಾಡಿದರು. ಮೆಟ್ಟಿಲುಗಳು ಒಳಗೆ ಹೋದವು, ತೋಟ ಕುಂಡಕ್ಕೆ ಇಳಿಯಿತು, ಜೆರಾಕ್ಸ್ ಅಂಗಡಿ ಮತ್ತೆ ಕಾರಿನ ಶೆಡ್ಡಾಯಿತು. ಪಟ್ಟಾಭಿರಾಮನ ಮನೆಗೆ ಡಬ್ಬಿ ಡಬ್ಬಿ ಮೈಸೂರುಪಾಕು, ಚಿರೋಟಿ, ಒಂದು ಗೊನೆ ಬಾಳೆಹಣ್ಣು ಹೋಯಿತು. ಅವನು ಎಲ್ಲವನ್ನೂ ಕುದುರೆಗೆ ಜನ ಪ್ರೀತಿಯಿಂದ ಕೊಟ್ಟದ್ದೆಂದು ತಿಳಿದು ಬಾಳೆಹಣ್ಣನ್ನು ಚಂದ್ರಿಗೆ ಹಾಕಿದ, ಮೈಸೂರುಪಾಕನ್ನು ತಾನು ತಿಂದ. “ನಮ್ಮ ಬಡಾವಣೆ ಜನ ಬಂಗಾರ ಕಣೋ. ಒಂದು ಮೂಕಪ್ರಾಣಿಗೋಸ್ಕರ ರಸ್ತೇನೇ ಬಿಟ್ಟುಕೊಡ್ತಿದಾರೆ,” ಎಂದು ನನ್ನ ಮುಂದೆಯೇ ಕಣ್ಣೊರೆಸಿಕೊಂಡ. ವೆಂಕಟಲಕ್ಷ್ಮಿಗೆ ಮಾತ್ರ ಬೇರೆಯೇ ಅನುಮಾನ ಬಂದಿತ್ತು. ಗಂಡ ತನಗೆ ಹೇಳದೆ ಚುನಾವಣೆಗೆ ನಿಲ್ಲುತ್ತಿದ್ದಾನೆ ಎಂದು ಆಕೆ ತವರಿಗೆ ಫೋನು ಮಾಡಿದ್ದಳು.

ನರೇಶನೂ ಸುಮ್ಮನಿರಲಿಲ್ಲ. ಒಂದು ದಿನ ನಮ್ಮ ಗೇಟಿನ ಮುಂದೆಯೇ ಪಟ್ಟಾಭಿರಾಮನಿಗೆ ಬೈಕು ಅಡ್ಡ ಹಾಕಿದ.

“ಸಾರ್, ನೀವು ನಮ್ಮಪ್ಪನ್ ಇಂದೆ ಬಿದ್ದಿರೋದು ಯಾತುಕ್ಕೆ ಅಂತ ಗೊತ್ತು ನಂಗೆ. ಕೊಟ್ಗೆ ಜಾಗದ್ ಮ್ಯಾಲೆ ಕಣ್ಣು ನಿಮ್ಗೆ.”

“ಕೊಟ್ಟಿಗೆ ಯಾಕಪ್ಪ ನನಗೆ? ನಾನು ಕುದುರೆಗೆ ಬಂದಿರೋದು,” ಎಂದ ಪಟ್ಟಾಭಿರಾಮ.

“ಎಲ್ರೂ ಅಂಗೇ ಏಳೋದು.” ನರೇಶ್ ಬೈಕು ತಿರುಗಿಸಿದ. “ಒಂದ್ನೇ ತಾರೀಕು ವ್ಯಾನ್ ಬತ್ತದೆ. ಒಂದೆಜ್ಜೆ ನಿಂತ್ರೂ ಅತ್ಸೋದೇ. ಯಾರ್ ಮಾತೂ ಕೇಳಾಕಿಲ್ಲ.”

ವೆಂಕಟಪ್ಪ ಹಗ್ಗ ಹಿಡಿದು ನಿಂತಿದ್ದ. ಚಂದ್ರಿ ಅವನ ತೋಳಿಗೆ ಮೂತಿ ಒರೆಸಿದಳು. ಅವನು ಅವಳ ಹಣೆಯ ಮಚ್ಚೆಯನ್ನು ಹೆಬ್ಬೆರಳಿಂದ ತಿಕ್ಕುತ್ತಾ ನಿಂತ. ಮುದುಕ ನಟನೆ ಚೆನ್ನಾಗಿ ಮಾಡುತ್ತಾನೆ ಎಂದು ನಾನು ಅಂದುಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ರಾಜ್ಯೋತ್ಸವದ ಹಿಂದಿನ ದಿನ ನಾನು ಕೂಲಿಯವನನ್ನು ಕರೆಸಿ ಕಲ್ಲುಬೆಂಚು ಒಡೆಸಿದೆ. ಅವರು ಬುಲ್‌ಡೋಜರ್ ತಂದು ಬೆಂಚಿನ ಜೊತೆ ಕಾಂಪೌಂಡನ್ನೂ ತೆಗೆಯುವುದಕ್ಕಿಂತ ಇದು ವಾಸಿ ಎಂದು ಮಹಾಂತಮ್ಮನಿಗೆ ವಿವರಿಸಿದೆ. ಅವಳು ಒಡೆದ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. “ಹತ್ತು ವರ್ಷದ ಬೆಂಚು,” ಎಂದಳು. ರಾತ್ರಿ ಊಟಕ್ಕೆ ಬರೀ ಮೊಸರನ್ನ ಬಂತು, ಉಪ್ಪಿನಕಾಯಿ ಬರಲಿಲ್ಲ.

ಪ್ರತಿ ವರ್ಷ ಮೆರವಣಿಗೆಯಲ್ಲಿ ಸಂಘದ ಕಾರ್ಯದರ್ಶಿ ಮೈಸೂರು ಪೇಟ ಕಟ್ಟಿಕೊಂಡು, ಬಾವುಟ ಹಿಡಿದು, ಗೂಡ್ಸ್ ಟೆಂಪೋ ಮೇಲೆ ನಿಲ್ಲುವುದು ಪದ್ಧತಿ. ಈ ಸಲ ಟೆಂಪೋ ಬದಲು ಚಂದ್ರಿ ಎಂದು ಪಟ್ಟಾಭಿರಾಮ ಕೇಳಿದಾಗ ನಾನು ಕೂಡಲೇ ಒಪ್ಪಿದೆ. ಕುದುರೆಯ ಮೇಲೆ ನಾನೇ ಇದ್ದರೆ ಯಾರು ಎಲ್ಲಿ ಗೆರೆ ಎಳೆಯುತ್ತಾರೆ ಎಂದು ಮೇಲಿಂದ ನೋಡಬಹುದಲ್ಲ. ಸ್ಟೂಲಿನ ಮೇಲೆ ಸ್ಟೂಲಿಟ್ಟು ಮೂವರು ಸೇರಿ ನನ್ನನ್ನು ಹತ್ತಿಸಿದರು. ಒಂದು ಕೈಯಲ್ಲಿ ಬಾವುಟ, ಒಂದು ಕೈಯಲ್ಲಿ ಕುದುರೆಯ ಜೂಲು.

ಊರಿನ ಓಣಿಯಲ್ಲಿ ಚಂದ್ರಿ ಚೆನ್ನಾಗಿಯೇ ನಡೆದಳು. ಅಲ್ಲಿ ಎಂದಿನಂತೆ ಬೈಕು, ನೀರಿನ ಟ್ಯಾಂಕರು, ಹಾರ್ನು. ಸೋಫಾ ಅಂಗಡಿಗೆ ನುಗ್ಗಿದ ಕುದುರೆ ಇದೇನಾ ಎಂದು ಜನ ಬೆರಗಾದರು. ಡೊಳ್ಳಿನವರನ್ನು ಪಟ್ಟಾಭಿರಾಮ ಧ್ವಜಸ್ತಂಭದ ಹತ್ತಿರವೇ ನಿಲ್ಲಿಸಿದ್ದ, ಡೊಳ್ಳು ಅವನ ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲವಂತೆ. ಜೈಕಾರವೂ ಅಲ್ಲಿಯೇ ಎಂದು ಹೇಳಿದ್ದ. ರೆಸಾರ್ಟಿನ ವ್ಯಾನು ನಿಧಾನವಾಗಿ ನಮ್ಮ ಹಿಂದೆ ಬರುತ್ತಿತ್ತು, ಡ್ರೈವರನ ಪಕ್ಕದಲ್ಲಿ ನರೇಶ್.

ಎರಡನೇ ಮುಖ್ಯರಸ್ತೆಗೆ ತಿರುಗಿದೆವು. ನನಗೆ ಇದು ನಮ್ಮ ರಸ್ತೆ ಎಂದು ತಕ್ಷಣ ಗುರುತು ಸಿಗಲಿಲ್ಲ. ‘ಮೇಲಿನವರ ಮನುಷ್ಯ’ನಿಗೆ ಅಡಚಣೆಯಾಗಬಾರದೆಂದು ಕೊಟ್ರಪ್ಪ ಪೊಲೀಸರಿಗೆ ಹೇಳಿ ಎರಡೂ ತುದಿಗೆ ಬ್ಯಾರಿಕೇಡ್ ಹಾಕಿಸಿದ್ದ. ಅಪಾರ್ಟ್‌ಮೆಂಟಿನ ಗೇಟು ಮುಚ್ಚಿಸಿ ಸೈರನ್ನು ಆಫ್ ಮಾಡಿಸಿದ್ದ. ಒತ್ತುವರಿಗಳೆಲ್ಲ ಹೋಗಿ ರಸ್ತೆ ಮೈದಾನದಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದರ ಟಾರಿನ ಅಂಚನ್ನು ನಾನು ಕಂಡದ್ದು ಅದೇ ಮೊದಲು. ಒಂದು ವಾಹನವಿಲ್ಲ, ಒಂದು ಸದ್ದಿಲ್ಲ. ಎರಡೂ ಬದಿ ಜನ ಕೈಕಟ್ಟಿಕೊಂಡು ನಿಂತಿದ್ದರು, ಗೆರೆ ಎಲ್ಲಿ ಬೀಳುತ್ತದೋ ಎಂದು.

ನಮ್ಮ ಗೇಟಿನ ಮುಂದೆ ಬಂದ ಚಂದ್ರಿ ಗಕ್ಕನೆ ನಿಂತಳು.

ಪಟ್ಟಾಭಿರಾಮ ಬೆಲ್ಲ ತೋರಿಸಿದ. ಅವಳು ಮೂಸಲಿಲ್ಲ. ಅವಳ ಮೈ ನಡುಗುತ್ತಿದ್ದದ್ದು ನನ್ನ ತೊಡೆಗೆ ತಿಳಿಯುತ್ತಿತ್ತು. ಕಿವಿಗಳನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿದಳು, ಏನನ್ನೋ ಹುಡುಕುವವಳ ಹಾಗೆ. ಪಟ್ಟಾಭಿರಾಮನ ಮುಖ ಕಪ್ಪಿಟ್ಟಿತು. “ಎಲ್ಲಾ ಸರಿ ಇದೆಯಲ್ಲೋ,” ಎಂದ ನನ್ನನ್ನು ನೋಡಿ. “ರಸ್ತೆ ಖಾಲಿ ಇದೆ, ಹೆದರೋಕೆ ಏನೂ ಇಲ್ಲವಲ್ಲೋ.”

ಹಿಂದುಗಡೆ ಬ್ಯಾರಿಕೇಡಿನ ಹತ್ತಿರ ನಿಂತಿದ್ದ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ನರೇಶ್ ಇಳಿದು ಹಲಗೆ ಇಳಿಸುತ್ತಿದ್ದ. ವೆಂಕಟಪ್ಪನಿಗೂ ಕೇಳಿಸಿತು. ಅವನು ತಿರುಗಿ ನೋಡಲಿಲ್ಲ. ಚಂದ್ರಿಯ ಕುತ್ತಿಗೆಗೆ ತಲೆ ಆನಿಸಿ, “ನಡಿ ನನ್ನವ್ವ,” ಎಂದ. “ಒಂದ್ಕಿತ ನಡಿ. ಎಲ್ಲೂ ನಿಂತ್ಕೊಬ್ಯಾಡ. ನಿಂತ್ರೆ ಕಳಿಸ್ಬುಡ್ತಾರೆ ಕಣವ್ವ.”

ನನ್ನ ಕಣ್ಣ ಮುಂದೆ ನಮ್ಮದೇ ಗೋಡೆ, ಅದರ ಮೇಲೆ ನಾಲ್ಕು ಕೆಂಪು ಗೆರೆ. ಗೆರೆಗಳ ಮುಂದೆ ನೆಟ್ಟಗೆ ಚಂದ್ರಿಯ ಕಾಲು. ಅವಳು ನಿಂತಲ್ಲಿ ಗೆರೆ. ಇಷ್ಟೇ ವಿಷಯ. ಮಹಾಂತಮ್ಮ ಐದು ನಿಮಿಷದಲ್ಲಿ ಹೇಳಿದ್ದು ನನಗೆ ಹತ್ತು ದಿನದ ಮೇಲೆ, ಕುದುರೆಯ ಬೆನ್ನ ಮೇಲೆ ಕೂತಾಗ ತಲೆಗೆ ಹೋಯಿತು. ಕುದುರೆ ಕುದುರೆಯೇ ಆಗಿತ್ತು, ಮುದುಕನ ಸಂಕಟ ಸಂಕಟವೇ ಆಗಿತ್ತು. ನನಗೆ ನಾಚಿಕೆಯಾಯಿತು.

“ರೀ.” ಗೇಟಿನೊಳಗಿಂದ ಮಹಾಂತಮ್ಮ ಕರೆದಳು. “ಅವಳಿಗೆ ಸದ್ದು ಬೇಕು ಕಣ್ರೀ. ಒಂದು ತಿಂಗಳಿಂದ ಹಾರ್ನ್ ಹೊಡೆದ್ರೆ ಬೆಲ್ಲ, ಹಾರ್ನ್ ಹೊಡೆದ್ರೆ ಹೆಜ್ಜೆ. ಈಗ ಸ್ಮಶಾನದ ಥರ ಮಾಡಿಟ್ಟು ನಡಿ ಅಂದ್ರೆ ಹೆಂಗ್ ನಡೀತಾಳೆ? ಹಾರ್ನ್ ಹೊಡೀರಿ.”

“ಕುದುರೆಗೆಲ್ಲಿದೆಯೇ ಹಾರ್ನು?” ಎಂದೆ. ಪಟ್ಟಾಭಿರಾಮನ ಸ್ಕೂಟರು ಬ್ಯಾರಿಕೇಡಿನ ಆಚೆ ಉಳಿದಿತ್ತು. ಹಲಗೆ ರಸ್ತೆಗೆ ಬಡಿದ ಸದ್ದು ಕೇಳಿಸಿತು. ನಾನು, ನಿವಾಸಿಗಳ ಸಂಘದ ಕಾರ್ಯದರ್ಶಿ, ಪೇಟ ಸಮೇತ, ನನ್ನದೇ ಬೋರ್ಡಿನ ಎದುರು, ಬಾಯಿಂದಲೇ “ಪೀಂ” ಎಂದೆ.

ಚಂದ್ರಿಯ ಒಂದು ಕಿವಿ ಹಿಂದಕ್ಕೆ ತಿರುಗಿತು. “ಪೀಂ ಪೀಂ ಪೀಂ” ಎಂದೆ. ಬದಿಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒತ್ತಡ ತಡೆಯಲಾರದೆ ನನಗೆ ಏನೋ ಆಗಿಹೋಯಿತು ಎಂದು. ಅಷ್ಟರಲ್ಲಿ ಮಹಾಂತಮ್ಮ ಕುಂಟುತ್ತಾ ಹೋಗಿ, ಒಳಗೆ ನಿಂತಿದ್ದ ನಮ್ಮ ಸ್ಕೂಟರಿಗೆ ಕೀಲಿ ಹಾಕಿ ಹಾರ್ನಿನ ಗುಂಡಿ ಒತ್ತಿ ಹಿಡಿದುಕೊಂಡಳು.

ಚಂದ್ರಿ ಒಂದು ಹೆಜ್ಜೆ ಇಟ್ಟಳು. ಪಟ್ಟಾಭಿರಾಮ ಬೆಲ್ಲ ಕೊಟ್ಟ. ತಿಂದಳು. ಇನ್ನೊಂದು ಹೆಜ್ಜೆ.

“ಎಲ್ರೂ ಹೊಡೀರಿ,” ಎಂದು ಅವನು ಕೂಗಿದ. “ಗಾಡಿ ಇರೋರೆಲ್ಲ ಹಾರ್ನ್ ಹೊಡೀರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ.”

ಮೇಲಿನವರ ಮನುಷ್ಯ ಆಜ್ಞೆ ಮಾಡಿದ ಮೇಲೆ ಕೇಳಬೇಕೆ? ಕೃಷ್ಣ ತನ್ನ ಶೆಡ್ಡಿನ ಕಾರಿಗೆ ಓಡಿದ. ಕೊಟ್ರಪ್ಪ ಇಲಾಖೆಯ ಜೀಪಿಗೆ ಹಾರಿದ. ಅಪಾರ್ಟ್‌ಮೆಂಟಿನ ಕಾವಲುಗಾರ ಸೈರನ್ನು ಹಾಕಿದ, ಕೆಂಪು ದೀಪ ತಿರುಗಿತು. ಬ್ಯಾರಿಕೇಡಿನ ಆಚೆ ಅರ್ಧ ಗಂಟೆಯಿಂದ ಕಾದು ಕುದಿಯುತ್ತಿದ್ದ ಕಾರಿನವರಿಗೆ ಇಷ್ಟೇ ಸಾಕಿತ್ತು. ಕಿವಿ ಹರಿದುಹೋಗುವ ಆ ಗದ್ದಲದಲ್ಲಿ ಚಂದ್ರಿ ತಲೆ ಎತ್ತಿ, ನಡುಕ ನಿಲ್ಲಿಸಿ, ತವರುಮನೆಗೆ ಹೊರಟವಳಂತೆ ಟಕಟಕ ನಡೆದಳು. ರಿಂಗ್ ರೋಡಿನ ಬಾಯಲ್ಲಿ ಒಂದು ಬಸ್ಸು ‘ಉಸ್’ ಎಂದಿತು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಬಸ್ಸಿನ ಕಡೆ ಮೂತಿ ಚಾಚಿದಳು, ಬೆಲ್ಲ ಎಲ್ಲಿ ಎಂದು.

ಧ್ವಜಸ್ತಂಭದ ಹತ್ತಿರ ನನ್ನನ್ನು ಇಳಿಸಿದರು. ವೆಂಕಟಪ್ಪ ನೆಲದ ಮೇಲೆ ಕುಕ್ಕರಿಸಿ ಟವಲ್ಲಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನರೇಶ್ ಬಂದು ಅಪ್ಪನ ಪಕ್ಕ ನಿಂತ. ಆಮೇಲೆ ಫೋನು ತೆಗೆದು, “ಅಣ್ಣೋ, ವ್ಯಾನ್ ವಾಪಸ್ ತಗಂಡ್ ಓಗು. ನಡೀತು,” ಎಂದ. ಚಂದ್ರಿಯ ಹಗ್ಗವನ್ನು ತಾನೇ ಹಿಡಿದುಕೊಂಡ.

ಕಾರ್ಖಾನೆಯ ನಿಯಮದ ಪ್ರಕಾರ, ಪರೀಕ್ಷೆ ಎಲ್ಲಿ ನಿಂತಿತ್ತೋ ಅಲ್ಲೇ ಪಾಸಿನ ಗುರುತು ಹಾಕಬೇಕು. ಅವತ್ತು ಮಧ್ಯಾಹ್ನ ಪಟ್ಟಾಭಿರಾಮ ಹಸಿರು ಡಬ್ಬಿ ಹಿಡಿದು ನಮ್ಮ ಗೋಡೆಗೆ ಬಂದ. ನಾಲ್ಕು ಕೆಂಪು ಗೆರೆಯ ಕೆಳಗೆ ಒಂದು ಉದ್ದನೆಯ ಹಸಿರು ಗೆರೆ ಎಳೆದ. ಪಾಸಾದ ಮಾಲನ್ನು ಸ್ಟೋರ್ಸಿನವರು ಒಪ್ಪಿಕೊಂಡು ಸಹಿ ಹಾಕಬೇಕು ಎಂದು ಬ್ರಷ್ಷು ನನ್ನ ಕೈಗೆ ಕೊಟ್ಟ. ‘ಯಾಕೆ?’ ಎಂದು ಒಂದು ಸಲವೂ ಕೇಳದೆ ನಾನು ಸಹಿ ಹಾಕಿದ್ದು ನನ್ನ ಸೇವಾವಧಿಯಲ್ಲಿ ಅದೊಂದೇ.

ಸೋಮವಾರ ಕೊಟ್ರಪ್ಪ ಬಂದ. ರಸ್ತೆ ಅಳೆದಾಗಿದೆ, ಈಗಿರುವ ಅಗಲವೇ ಕಾಯಂ, ಯಾರೂ ಮತ್ತೆ ಮುಂದೆ ಬರುವ ಹಾಗಿಲ್ಲ ಎಂದ. ಅಂದರೆ ಬೆಂಚು ಹೋದದ್ದು ಹೋಯಿತು. ಮಹಾಂತಮ್ಮ ಈಗ ಗೇಟಿನೊಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಂಡಿ ಚಾಚಿಕೊಂಡು ಕೂರುತ್ತಾಳೆ, ಮಡಿಲಲ್ಲಿ ಬೆಲ್ಲದ ಡಬ್ಬಿ. ಕೊಟ್ರಪ್ಪ ಹೊರಡುವ ಮುಂಚೆ ಗೋಡೆಯನ್ನು ನೋಡಿ ನಿಂತ.

“ಸಾರ್, ಈ ಹಸಿರು ಗೆರೆ ಯಾವ ಇಲಾಖೆದು?”

“ಕುದುರೇದು,” ಎಂದೆ. “ಬರೀ ಕುದುರೇದು ಕೊಟ್ರಪ್ಪ. ರಸ್ತೆಗೆ ಹೆದರ್ತಿತ್ತು, ಅಭ್ಯಾಸ ಮಾಡಿಸಿದ್ವಿ.”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ನಕ್ಕ. “ಹೇಳೋ ಹಾಗಿಲ್ಲ ಅನ್ನಿ. ಇರಲಿ ಬಿಡಿ ಸಾರ್, ನಿಮ್ಮ ಸಹಿ ಇರೋದು ಕಾಣ್ತಿದೆ,” ಎಂದು ಅದರದೊಂದು ಫೋಟೋ ತೆಗೆದುಕೊಂಡು ಹೋದ.

ನಾನು ತಿರುಗಿ ಮಹಾಂತಮ್ಮನ ಕಡೆ ನೋಡಿದೆ. ಅವಳು ಬೆಲ್ಲ ಕುಟ್ಟುತ್ತಿದ್ದಳು.

“ಅವತ್ತು ನಾನು ಹೇಳಿದಾಗ ನೀವೂ ಹೀಗೇ ನಕ್ಕಿದ್ರಿ,” ಎಂದಳು.